ತಳ್ಳುಹಲಗೆಯ ತಪ್ಪು

ನಾನು ಒಂದು ತಳ್ಳುಹಲಗೆ, ದೂಡಿದರೆ ಸರಿಯುವ ಕರಿಹಲಗೆ. ಧಾರವಾಡ ಸೀಮೆಯ ಒಂದು ಗಣಿತ ವಿಭಾಗದಲ್ಲಿ ನಲವತ್ತು ವರ್ಷ ಇದ್ದೆ. ಮಾನಪ್ಪ ಬಡಿಗೇರ ಎಂಬಾತ ಸಾಗವಾನಿಯ ಚೌಕಟ್ಟು ಕಟ್ಟಿ, ಮೈಗೆ ಮೂರು ಸಲ ಕಪ್ಪು ಬಳಿದು, ಅಡಿಗೆ ನಾಲ್ಕು ಚಕ್ರ ಕೂಡಿಸಿ, "ಇನ್ನ ಓಡು" ಅಂದ. ಗೋಡೆಯ ಮೇಲೆ ಕದಲದ ಅಗಲ ಹಲಗೆಯೊಂದಿತ್ತು. ಅದರ ಮುಂದೆ ಕಬ್ಬಿಣದ ಹಳಿಯ ಮೇಲೆ ನನ್ನ ಓಡಾಟ. ಉಪನ್ಯಾಸ ಕೊಡುವವರು ಗೋಡೆಹಲಗೆ ತುಂಬಿದ ಮೇಲೆ ನನ್ನನ್ನು ಅದರ ಮೇಲಕ್ಕೆ ಎಳೆದುಕೊಂಡು ಮುಂದಿನದನ್ನು ನನ್ನ ಮೈಮೇಲೆ ಬರೆಯುತ್ತಿದ್ದರು. ಯಾರಾದರೂ ಹಿಂದಿನ ಸಾಲು ಕೇಳಿದರೆ ನಾನು ಸರಿಯಬೇಕು. ಅಷ್ಟೇ ನನ್ನ ಕೆಲಸ.

ಅಷ್ಟನ್ನೂ ನೆಟ್ಟಗೆ ಮಾಡಲಿಲ್ಲ. ಚಕ್ರಕ್ಕೆ ಸೀಮೆಸುಣ್ಣದ ಪುಡಿ ಕಟ್ಟಿದಾಗ ಸಿಕ್ಕಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಪುಡಿ ಇಲ್ಲದಾಗಲೂ ಮೊಂಡು ಹಿಡಿದದ್ದುಂಟು. ದೊಡ್ಡ ದೊಡ್ಡ ವಿದ್ವಾಂಸರು ಎದ್ದು ಬಂದು ಹೆಗಲು ಕೊಟ್ಟು ದೂಡುವುದು ನನಗೆ ಹಿಡಿಸುತ್ತಿತ್ತು ನೋಡಿ. "ಇದು ಹಲಿಗಿ ಅಲ್ಲ, ಕತ್ತಿ" ಎಂದು ವಿಭಾಗದ ಸಿಪಾಯಿ ಫಕ್ಕೀರಪ್ಪ ನನ್ನನ್ನು ಕತ್ತೆಗೆ ಹೋಲಿಸಿ ಬೈಯುತ್ತಿದ್ದ.

ನೀಲಾಂಬಿಕೆ ಐದು ವರ್ಷ ಒಂದೇ ಪ್ರಮೇಯದ ಹಿಂದೆ ಬಿದ್ದಿದ್ದ ಸಂಶೋಧಕಿ. ಒಂದು ಮಧ್ಯಾಹ್ನ ಅವಳ ಕೊನೆಯ ಉಪನ್ಯಾಸ. ಕೂತವರು ಒಪ್ಪಿದರೆ ಪ್ರಬಂಧ ಸಲ್ಲಿಸಬಹುದು. ಸಲ್ಲಿಸಿದರೆ ಗದಗಿನ ಕಾಲೇಜಿನ ಕೆಲಸ ಅವಳದು.

ಗೋಡೆಹಲಗೆ ತುಂಬಿತು. ಬರೆದದ್ದನ್ನು ಓದಿಕೊಳ್ಳುತ್ತ ಮೂರನೆಯ ಸಾಲಿಗೆ ಬಂದವಳ ಕೈ ನಿಂತಿತು. ಅಲ್ಲಿ ಅವಳು ಭಾಗಿಸಿದ್ದ ಪದ ಒಂದು ಸಂದರ್ಭದಲ್ಲಿ ಸೊನ್ನೆಯಾಗುತ್ತಿತ್ತು. ಸೊನ್ನೆಯಿಂದ ಭಾಗಿಸಿದರೆ ಮುಂದಿನದೆಲ್ಲ ಬಿದ್ದ ಹಾಗೆ. ಅವಳು ನನ್ನನ್ನು ಎಳೆದು ಆ ಸಾಲನ್ನು ಮುಚ್ಚಿದಳು.

ಅವಳ ಗುರುಗಳು ತಡಕೋಡ ಸರ್. ತುಸು ಹೊತ್ತಿನ ಮೇಲೆ ಕೇಳಿದರು: "ಆ ಮೂರನೇ ಸಾಲು ಮತ್ತೊಮ್ಮೆ ತೋರಸವ್ವಾ."

ಅವಳು ನನ್ನ ಅಂಚಿಗೆ ಕೈ ಹಚ್ಚಿದಳು. ಕೈಯಲ್ಲಿ ಬಲವೇ ಇರಲಿಲ್ಲ. ಬೆವರಷ್ಟೇ ಇತ್ತು.

"ಹಲಿಗಿ ಸಿಕ್ಕೊಂಡೈತ್ರಿ ಸರ್."

ಎಲ್ಲರೂ ನಕ್ಕರು. ಒಬ್ಬರೂ ಅನುಮಾನ ಪಡಲಿಲ್ಲ. ನನ್ನ ನಡತೆ ಅಂಥದ್ದು.

"ಹೋಗಲಿ, ಮುಂದ ಹೇಳು" ಅಂದರು ಸರ್.

ಉಪನ್ಯಾಸ ಮುಗಿದು ಎಲ್ಲರೂ ಚಹಾಕ್ಕೆ ಹೊರಗೆ ಹೋದರು. ಅವಳು ಕೂತೇ ಇದ್ದಳು. ಒರೆಸಲು ಬಂದ ಫಕ್ಕೀರಪ್ಪ ಒಂದು ಬೆರಳಿಂದ ನನ್ನನ್ನು ದೂಡಿದ. ನಾನು ಸರ್ರನೆ ಹರಿದೆ.

"ಅಕ್ಕಾರ, ಇದು ಚಲೋ ಓಡಾಕತ್ತೈತಲ್ರಿ. ಮುಂಜಾನೆನ ಎಣ್ಣಿ ಬಿಟ್ಟೀನಿ. ಹೊರಗ ನೋಡಿದ್ರ ಎಲ್ಲಾರೂ ಸಿಕ್ಕೊಂಡಿತ್ತು ಅಂತ ನನಗ ಬೈತಾರ."

ಅವನು ಒರೆಸುವ ಬಟ್ಟೆ ಎತ್ತಿದಾಗ ಅವಳು, "ಅಳಸಬ್ಯಾಡ್ರಿ" ಎಂದು ಎದ್ದು ಹೊರಗೆ ಹೋಗಿ ಸರ್ ಅವರನ್ನು ಕರೆತಂದಳು.

ಅವರು ಕೈಯಲ್ಲಿ ಬಟ್ಟಲು ಹಿಡಿದೇ ಮೂರನೆಯ ಸಾಲು ಓದಿದರು. ಚಹಾ ಕೆನೆಗಟ್ಟಿತು.

"ಗದಗಿನ ಕೆಲಸ ಹೋಗತೈತಿ, ಗೊತ್ತೈತಿಲ್ಲ?"

"ಹೌದ್ರಿ."

"ಹಂಗಾರ ಎಲ್ಲಾರನ್ನೂ ಒಳಗ ಕರಿ. ನನಗಷ್ಟ ಹೇಳಿದ್ರ ಸಾಲಂಗಿಲ್ಲ."

ಹನ್ನೊಂದು ಮಂದಿ ಮತ್ತೆ ಬಂದು ಕೂತರು. "ಮೂರನೇ ಸಾಲು ತಪ್ಪೈತ್ರಿ. ಗೊತ್ತಾಗಿನೂ ಮುಚ್ಚಿಟ್ಟೆ" ಅಂದಳು.

ಹಿಂದೆ ಕೂತಿದ್ದ ಅಧ್ಯಾಪಕಿಯೊಬ್ಬರಿಗೆ ಕರುಣೆ ಬಂತು. "ನೀ ಎಲ್ಲಿ ಮುಚ್ಚಿಟ್ಟಿ ತಂಗಿ, ಹಲಿಗಿ ಸಿಕ್ಕೊಂಡಿತ್ತು. ಅದರ ಬುದ್ಧಿ ನಮಗ ಗೊತ್ತಿಲ್ಲೇನ?"

"ಇಲ್ರಿ. ಇವತ್ತ ಅದು ಸರಿ ಇತ್ತು. ನಾನ ಎಳೀಲಿಲ್ಲ."

ಕೆಲಸ ಬೇರೆಯವರಿಗೆ ಹೋಯಿತು. ಎರಡು ವರ್ಷದ ಮೇಲೆ ಆ ಪದ ಸೊನ್ನೆಯಾಗುವ ಸಂದರ್ಭವನ್ನು ಬಿಟ್ಟು ಸಣ್ಣದೊಂದು ಪ್ರಮೇಯ ಸಾಧಿಸಿ ಅವಳು ಪದವಿ ಪಡೆದಳು. ನಾನು ಆಮೇಲೆ ಒಮ್ಮೆಯೂ ಮೊಂಡು ಹಿಡಿಯಲಿಲ್ಲ. ಅವಳಿಗೆ ಅದರಿಂದ ಏನು ಬಂತು?

ಈಗ ಗೋಡೆಗೆ ಬಿಳಿ ಪರದೆ ಬಂದಿದೆ. ನನ್ನ ಚಕ್ರ ಕಿತ್ತು ಸೈಕಲ್ ಸ್ಟ್ಯಾಂಡಿನ ಹಿಂದೆ ಒರಗಿಸಿದ್ದಾರೆ. ಮೈಯ ಕಪ್ಪು ಹಪ್ಪಳೆ ಏಳುತ್ತಿದೆ. ಅವಳು ಹನ್ನೊಂದು ಜನರೆದುರು ನನ್ನನ್ನು ನಿರಪರಾಧಿ ಅಂದಳು. ನಾನು ಅದಕ್ಕೆ ತಕ್ಕವನಲ್ಲ. ನಾನು ಎಂದೂ ಸಿಕ್ಕಿಕೊಳ್ಳದ ಹಲಗೆಯಾಗಿದ್ದರೆ ಆ ಸುಳ್ಳು ಅವಳಿಗೆ ಹೊಳೆಯುತ್ತಲೇ ಇರಲಿಲ್ಲ. ತಡವರಿಸಿಯಾದರೂ, "ಸರ್, ಇಲ್ಲೊಂದು ತಪ್ಪಾಗೈತಿ" ಅನ್ನುತ್ತಿದ್ದಳು.