ತೋರಿಸಿದರೆ ಮಾತ್ರ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವರು ಹಾಕಿಕೊಳ್ಳಬೇಕಾದ, ಮೊಣಕೈವರೆಗೆ ಬರುವ ಉಕ್ಕಿನ ಬಲೆಯ ಕೈಗವಸನ್ನು ಮೇಲ್ವಿಚಾರಕ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಹಾಕಿಕೊಂಡರೆ ಕೆಲಸ ನಿಧಾನವಾಗುತ್ತದೆ ಎಂದಿದ್ದ. ತಪಾಸಣೆಯವರು ಬಂದ ದಿನ ಹೊರಗೆ ತೆಗೆಯುತ್ತಿದ್ದ. ಅವರು ಚಹಾ ಕುಡಿದು ಹೋದ ಮೇಲೆ ಮತ್ತೆ ಒಳಗಿಡುತ್ತಿದ್ದ.

ಆ ಬೆಳಿಗ್ಗೆ ನಾದಿನಿ ಕತ್ತರಿಸುವ ಮೇಜಿನಲ್ಲಿ ಬರಿಗೈಯಲ್ಲೇ ವಿದ್ಯುತ್ ಕತ್ತರಿ ಓಡಿಸುತ್ತಿದ್ದಳು. ಅತ್ತಿಗೆ ಪಕ್ಕದ ಸಾಲಿನಲ್ಲಿ ಕಾಲರು ಹೊಲಿಯುತ್ತಿದ್ದಳು.

"ಅತ್ತಿಗೆ, ನಿಮ್ಮ ಮಷೀನು ನಮ್ಮಣ್ಣನ ಥರಾನೇ ಗೊರಕೆ ಹೊಡೀತಿದೆ."

"ಇದಕ್ಕಾದ್ರೂ ಎಣ್ಣೆ ಬಿಟ್ರೆ ಸುಮ್ಮನಾಗುತ್ತೆ ಕಣೇ. ನಿಮ್ಮಣ್ಣಂಗೆ ಏನು ಬಿಡ್ಲಿ?"

ನಾದಿನಿಯ ನಗು ಅರ್ಧಕ್ಕೇ ನಿಂತಿತು. ಅತ್ತಿಗೆ ತಲೆ ಎತ್ತಿದಾಗ ಅವಳು ತನ್ನ ಎಡಗೈಯನ್ನು ಬೇರೆ ಯಾರದೋ ವಸ್ತುವನ್ನು ನೋಡುವ ಹಾಗೆ ನೋಡುತ್ತಿದ್ದಳು. ಮಣಿಕಟ್ಟಿನಿಂದ ಮೇಲಕ್ಕೆ ಚರ್ಮ ಬಾಯಿಬಿಟ್ಟಿತ್ತು. ಒಂದು ಕ್ಷಣ ರಕ್ತವೇ ಇರಲಿಲ್ಲ. ಆಮೇಲೆ ಬಂತು.

ತಾನು ಎದ್ದದ್ದು, ಸ್ಟೂಲು ಉರುಳಿದ್ದು, ಒಂದೂ ಅತ್ತಿಗೆಗೆ ಗೊತ್ತಾಗಲಿಲ್ಲ. ಕೈಗೆ ಸಿಕ್ಕ ಬಿಳಿ ಬಟ್ಟೆಯ ತುಂಡುಗಳನ್ನು ಮುದ್ದೆ ಮಾಡಿ ಗಾಯದ ಮೇಲೆ ಒತ್ತಿದಳು. ನಾದಿನಿ ನೆಲಕ್ಕೆ ಕುಸಿದಾಗ ಇವಳೂ ಜೊತೆಗೇ ಕುಸಿದಳು. ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಮಾತು: ಮಷೀನು ಆಫ್ ಮಾಡಿಲ್ಲ, ಮಷೀನು ಆಫ್ ಮಾಡಿಲ್ಲ.

ಮೇಲ್ವಿಚಾರಕ ಬಂದ. "ಏನಿದು ಗುಂಪು?"

"ಆಸ್ಪತ್ರೆ ಗಾಡಿ ಕರೆಸಿ ಸಾರ್," ಎಂದರು ಇಸ್ತ್ರಿ ಮಾಡುವ ಅಜ್ಜ. ಕೆಲಸಗಾರರ ಫೋನುಗಳೆಲ್ಲ ಗೇಟಿನ ಪೆಟ್ಟಿಗೆಯಲ್ಲಿದ್ದವು. ಒಳಗೆ ಫೋನಿದ್ದದ್ದು ಮೇಲ್ವಿಚಾರಕನೊಬ್ಬನಲ್ಲೇ.

"ಎಲ್ಲಿ, ತೋರಿಸು."

ಆ ಕೋಣೆಯಲ್ಲಿ ತೋರಿಸದೆ ಏನೂ ಸಿಗುತ್ತಿರಲಿಲ್ಲ. ಸೂಜಿ ಮುರಿದರೆ ಮೇಜಿನಡಿ ಮಂಡಿಯೂರಿ, ಚೂರುಗಳನ್ನೆಲ್ಲ ಹೆಕ್ಕಿ ಅವನ ಕಣ್ಣೆದುರು ಹಿಡಿಯಬೇಕು. ಆಮೇಲಷ್ಟೇ ಹೊಸ ಸೂಜಿ. ವರ್ಷಗಟ್ಟಲೆ ತೋರಿಸಿ ತೋರಿಸಿ ಪಳಗಿದ ಕೈ ಅತ್ತಿಗೆಯದು. ಅವಳನ್ನು ಕೇಳದೆಯೇ ಅದು ಬಟ್ಟೆ ಎತ್ತಿಬಿಟ್ಟಿತು.

ಒಳಗೆ ಹೆಪ್ಪುಗಟ್ಟತೊಡಗಿದ್ದು ಬಟ್ಟೆಗೆ ಅಂಟಿ ಕಿತ್ತುಬಂತು. ರಕ್ತ ಚಿಮ್ಮಿ ಮೇಲ್ವಿಚಾರಕನ ಅಂಗಿಗೆ ಹಾರಿತು. ಅವನು ಹಿಂದಕ್ಕೆ ನೆಗೆದ. ಅತ್ತಿಗೆ ಮೈಭಾರವನ್ನೆಲ್ಲ ಹಾಕಿ ಮತ್ತೆ ಒತ್ತಿದಳು. ನಾದಿನಿಯ ತುಟಿ ಆಗಲೇ ಬೂದಿಬಣ್ಣಕ್ಕೆ ತಿರುಗಿತ್ತು. ಇದನ್ನು ನಾನೇ ಮಾಡಿದೆ ಎಂದುಕೊಂಡಳು ಅತ್ತಿಗೆ.

ಅಜ್ಜ ನಾದಿನಿಯ ಕಾಲಡಿಗೆ ಬಟ್ಟೆಗಂಟು ತುರುಕಿದರು. ಇಸ್ತ್ರಿ ಮೇಜಿನ ಕಂಬಳಿ ಎಳೆದು ಹೊದಿಸಿದರು.

"ಚಳಿ ಅತ್ತಿಗೆ... ನೀರು."

ಯಾರೋ ಬಾಟಲಿ ತಂದರು. "ಕುಡಿಸಬೇಡ್ರಮ್ಮಾ," ಎಂದರು ಅಜ್ಜ. "ತುಟಿ ಒದ್ದೆ ಮಾಡಿ, ಸಾಕು."

ಮುದ್ದೆ ಪೂರ್ತಿ ನೆನೆದು ಕೆಂಪಾಯಿತು. ಅತ್ತಿಗೆ ಅದನ್ನು ಕದಲಿಸಲಿಲ್ಲ. "ಅಜ್ಜ, ಇದರ ಮೇಲೇ ಇನ್ನೊಂದು ಇಡಿ."

"ಅಯ್ಯೋ, ಅದು ಆರ್ಡರಿನ ಬಟ್ಟೆ," ಎಂದ ಮೇಲ್ವಿಚಾರಕ, ಫೋನು ಕಿವಿಗಿಟ್ಟುಕೊಂಡೇ. ಅಜ್ಜ ಕೇಳಿಸದವರಂತೆ ಇನ್ನೆರಡು ಇಟ್ಟರು.

ಅವನು ಫೋನು ಕೆಳಗಿಳಿಸಿದ. "ದೊಡ್ಡ ಸಾಹೇಬರು ಗಾಯದ ಫೋಟೋ ಕೇಳ್ತಿದಾರೆ. ಪಟ್ಟಿ ಕಟ್ಟಿದ್ರೆ ಸಾಲದಾ ಅಂತಾರೆ. ನೋಡದೆ ಗಾಡಿ ಕರೆಸೋ ಹಾಗಿಲ್ವಂತೆ. ಒಂದೇ ನಿಮಿಷ, ಬಟ್ಟೆ ತೆಗಿ."

ಅತ್ತಿಗೆ ತಲೆ ಎತ್ತಿ ಅವನ ಎದೆಯ ಮೇಲಿನ ಕಲೆಯನ್ನು ನೋಡಿದಳು.

"ನಿಮ್ಮ ಅಂಗೀದೇ ಫೋಟೋ ಕಳಿಸಿ ಸಾರ್."

"ನಾಲಿಗೆ ಉದ್ದ ಮಾಡ್ಬೇಡ. ನಾಳೆ ಇದೇ ಬಾಗಿಲಿಗೆ ಬರ್ಬೇಕಲ್ಲ ನೀನು? ಕೈ ತೆಗೀತೀಯೋ ಇಲ್ವೋ?"

ನಾದಿನಿಯ ಕಣ್ಣು ಮುಚ್ಚಿತ್ತು. ಅತ್ತಿಗೆಯ ಅಂಗೈ ಕೆಳಗೆ, ಅಷ್ಟು ಬಟ್ಟೆಯ ಕೆಳಗೆ, ಏನೋ ಸಣ್ಣಗೆ ಬಡಿಯುತ್ತಿತ್ತು. ಅದು ನಾದಿನಿಯ ನಾಡಿಯೋ ತನ್ನದೋ ಅವಳಿಗೆ ತಿಳಿಯಲಿಲ್ಲ.

"ತೆಗೆಯಲ್ಲ," ಎಂದಳು.