ಮಂಗಳಗೌರಿ ತವರಿಗೆ ಹೇಳದ ಮಾತು

ಚೆನ್ನಾಗಿ ಓಡಾಡಿಕೊಂಡಿರುವ ಬಸುರಿಯನ್ನು ಸ್ಕ್ಯಾನಿಂಗಿಗೆ ಯಾಕೆ ಕರೆದುಕೊಂಡು ಹೋಗಬೇಕು? ಆಗೆಲ್ಲ ಹಳ್ಳಿಗಳಲ್ಲಿ ಇದೇ ಮಾತು. ಗುಬ್ಬಿ ಪಕ್ಕದ ಊರಿನ ರಂಗಲಕ್ಷ್ಮಮ್ಮನವರದೂ ಇದೇ ಮಾತು.

"ನಾನು ನಾಕು ಹೆತ್ತೆ ಚೆನ್ನಮ್ಮ. ಯಾವ ಮಿಷನ್ನೂ ನನ್ನ ಹೊಟ್ಟೆ ನೋಡ್ಲಿಲ್ಲ" ಎಂದರು ಅವರು, ಮನೆಗೆ ಬಂದಿದ್ದ ನರ್ಸಮ್ಮನಿಗೆ.

"ಆಗ ಮಿಷನ್ ಇರ್ಲಿಲ್ಲ ಅಕ್ಕ. ಈಗ ಐತೆ. ಮಗು ಹೆಂಗೈತೆ ಅಂತ ನೋಡ್ಕೊಂಡ್ರೆ ನಮಗೇ ಧೈರ್ಯ" ಎಂದರು ಚೆನ್ನಮ್ಮ.

1999ನೇ ಇಸವಿ. ರಂಗಲಕ್ಷ್ಮಮ್ಮನ ಸೊಸೆ ಮಂಗಳಗೌರಿಗೆ ಮೊದಲ ಬಸಿರು. ಮಗ ಕಾಂತೇಶ್ ತುಮಕೂರು ಪಕ್ಕದ ಅಂತರಸನಹಳ್ಳಿಯಲ್ಲಿ ಒಂದು ಕಾರ್ಖಾನೆಗೆ ಹೋಗುತ್ತಿದ್ದ. ಜೊತೆಯಲ್ಲಿ ಕೆಲಸ ಮಾಡುವವರೆಲ್ಲ ಹೆಂಡತಿಯರಿಗೆ ಸ್ಕ್ಯಾನಿಂಗ್ ಮಾಡಿಸಿದ್ದನ್ನು ಅವನು ಕೇಳಿದ್ದ. ದಸರೆಗೆ ಮುಂಚೆ ಒಂದು ದಿನ ರಜೆ ಹಾಕಿ ಹೆಂಡತಿಯನ್ನು ತುಮಕೂರಿಗೆ ಕರೆದುಕೊಂಡು ಹೋದ.

ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಒಂದೇ ಕಡೆ ಮತ್ತೆ ಮತ್ತೆ ತಿರುಗಿಸಿ ನೋಡಿದರು. ನೋಡಿ ಮುಗಿಸಿದ ಮೇಲೆ ಕಾಂತೇಶನನ್ನೂ ಒಳಗೆ ಕರೆದು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಮಗುವಿನ ಹೊಕ್ಕುಳ ಹತ್ರ ಹೊಟ್ಟೆ ಸರಿಯಾಗಿ ಕೂಡ್ಕೊಂಡಿಲ್ಲ. ಕರುಳು ಸ್ವಲ್ಪ ಆಚೆ ಬಂದಿದೆ. ಮೊದಮೊದಲು ಎಲ್ಲಾ ಮಕ್ಕಳಿಗೂ ಹೀಗೇ ಇರತ್ತೆ, ಆಮೇಲೆ ಒಳಗೆ ಹೋಗತ್ತೆ. ಇಷ್ಟು ಹೊತ್ತಿಗೆ ಹೋಗಿರಬೇಕಿತ್ತು."

"ಮಗು ಉಳಿಯಲ್ವಾ ಮೇಡಂ?" ಎಂದ ಕಾಂತೇಶ್.

"ನಾನು ಹಾಗೆ ಹೇಳ್ತಿಲ್ಲ. ಇಂಥ ಎಷ್ಟೋ ಮಕ್ಕಳಿಗೆ ಹುಟ್ಟಿದ ಮೇಲೆ ಆಪರೇಷನ್ ಮಾಡಿ ಸರಿ ಮಾಡ್ತಾರೆ. ಆದ್ರೆ ಐದನೇ ತಿಂಗಳಲ್ಲಿ ಇನ್ನೊಂದು ಸಲ ನೋಡ್ಬೇಕು. ಹೃದಯ, ಬೇರೆ ಅಂಗ ಎಲ್ಲಾ ಚೆನ್ನಾಗಿದೆಯಾ ಅಂತ ಆಗ ಗೊತ್ತಾಗತ್ತೆ. ಹೆರಿಗೆ ಮಾತ್ರ ಮಕ್ಕಳ ಆಪರೇಷನ್ ಮಾಡೋ ಡಾಕ್ಟರ್ ಇರೋ ಆಸ್ಪತ್ರೇಲೇ ಆಗ್ಬೇಕು. ಬೆಂಗಳೂರಿಗೆ ಬರೆದುಕೊಡ್ತೀನಿ, ಈಗಲೇ ಹೋಗಿ ತೋರಿಸಿ."

ಮಂಗಳಗೌರಿ ತಲೆ ಎತ್ತಲಿಲ್ಲ. "ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದಳು.

"ಇಲ್ಲಮ್ಮ. ನೀನು ತಿಂದಿದ್ದರಿಂದ, ಮಾಡಿದ್ದರಿಂದ ಆಗಿದ್ದಲ್ಲ. ಇದು ಯಾರ ತಪ್ಪೂ ಅಲ್ಲ."

ಈ ಒಂದು ಮಾತು ಮನೆಯವರೆಗೆ ಉಳಿದಿದ್ದರೆ ಸಾಕಿತ್ತು. ಉಳಿಯಲಿಲ್ಲ.

ಮಗ ಹೇಳಿದ್ದನ್ನೆಲ್ಲ ರಂಗಲಕ್ಷ್ಮಮ್ಮ ಜಗುಲಿಯ ಕಂಬಕ್ಕೆ ಒರಗಿ ಕೂತು ಕೇಳಿದರು. ಅವರಿಗೂ ಸಂಕಟವೇ. ಮೊದಲ ಮೊಮ್ಮಗು. ಸಂಕಟಕ್ಕೆ ಒಂದು ಕಾರಣ ಬೇಕಾಗಿತ್ತು, ಕಾರಣ ಎದುರಿಗೇ ನಿಂತಿತ್ತು.

"ಭೀಮನ ಅಮಾಸೆ ದಿನ ಗ್ರಹಣ ಹಿಡೀತಲ್ಲ, ಅವತ್ತು ಹಿತ್ಲಲ್ಲಿ ಕೂತು ಸೋಗೆ ಸೀಳ್ತಿದ್ಲು. ಬ್ಯಾಡ ಕಣೇ, ಕುಡ್ಲು ಮುಟ್ಬೇಡ ಅಂದೆ. ಕೇಳಿದ್ಲಾ?"

ತಾನು ಬಸುರಿ ಎಂದು ಮಂಗಳಗೌರಿಗೆ ಆವತ್ತು ಸರಿಯಾಗಿ ಗೊತ್ತೇ ಇರಲಿಲ್ಲ. ಅತ್ತೆಯ ಎದುರು ಅದನ್ನು ಹೇಳುವ ಧೈರ್ಯ ಅವಳಿಗಾಗಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ಕಾಂತೇಶನಾದರೂ ಹೇಳಬಹುದಿತ್ತು. "ಬುಡವ್ವ, ಈಗ ಆಗಿದ್ದು ಆಯ್ತು" ಎಂದ. ಆ ಮಾತನ್ನು ಮಂಗಳಗೌರಿ ಬೇರೆ ಥರ ಕೇಳಿಸಿಕೊಂಡಳು. ಗಂಡನಿಗೂ ನಾನೇ ತಪ್ಪು ಮಾಡಿದೆ ಅಂತ ಅನ್ನಿಸಿದೆ ಎಂದುಕೊಂಡಳು. ಅವತ್ತಿನಿಂದ ಅವಳು ಹೊಟ್ಟೆಯ ಬಗ್ಗೆ ಮಾತಾಡುವುದನ್ನೇ ಬಿಟ್ಟಳು.

ಬೆಂಗಳೂರಿಗೆ ಹೋಗುವ ಮಾತು ಒಂದೆರಡು ಸಲ ಬಂತು. "ಅಲ್ಲಿಗೆ ಹೋದ್ರೆ ತೆಗೆಸ್ಬುಡಿ ಅಂತಾರೆ" ಎಂದು ರಂಗಲಕ್ಷ್ಮಮ್ಮ ಹೆದರಿದರು. ಮನೆದೇವರಿಗೆ ಹರಕೆ ಕಟ್ಟಿದರು. ಐದನೇ ತಿಂಗಳು ಬಂತು, ಹೋಯಿತು. ಚೆನ್ನಮ್ಮ ಇಂಜೆಕ್ಷನ್ ಕೊಡಲು ಬಂದಾಗ ಕೇಳಿದರು, "ಸ್ಕ್ಯಾನಿಂಗ್‌ನಲ್ಲಿ ಏನಂದ್ರು ಅಕ್ಕ?"

"ಎಲ್ಲಾ ಸರಿಯಾಗೈತಂತೆ" ಎಂದರು ರಂಗಲಕ್ಷ್ಮಮ್ಮ. ಅಡಿಗೆ ಮನೆಯಲ್ಲಿದ್ದ ಮಂಗಳಗೌರಿಗೆ ಅದು ಕೇಳಿಸಿತು. ಚೆನ್ನಮ್ಮ ನಂಬಿದರು. ನಂಬದೇ ಇರಲು ಕಾರಣವಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹೂ ಮುಡಿಸಿ, ಹಸಿರು ಬಳೆ ತೊಡಿಸಿ ತವರಿಗೆ ಕಳಿಸುವ ಶಾಸ್ತ್ರ ಆಯಿತು. ಮಂಗಳಗೌರಿಯ ತವರು ಕುಣಿಗಲ್ ಹತ್ತಿರ. ಹೊರಡುವ ಮೊದಲು ರಂಗಲಕ್ಷ್ಮಮ್ಮ ಸೊಸೆಯನ್ನು ಒಳಗೆ ಕರೆದರು.

"ಆ ವಿಷ್ಯ ನಿಮ್ಮವ್ವಂಗೆ ಹೇಳ್ಬೇಡ ಗೌರಿ. ಕೃತಿಕಾಗೆ ಗಂಡು ನೋಡ್ತಾ ಇದೀವಿ. ಇವರ ವಂಶದಲ್ಲಿ ಏನೋ ಐತಂತೆ ಅಂತ ಮಾತು ಹಬ್ಬಿದ್ರೆ ನನ್ನ ಮಗಳ ಗತಿ ಏನು? ದೇವರವ್ನೆ. ಎಲ್ಲಾ ಸರಿ ಹೋಯ್ತದೆ."

ಮಂಗಳಗೌರಿ ಆಗಲಿ ಎಂದು ತಲೆಯಾಡಿಸಿದಳು.

ತವರಿನಲ್ಲಿ ತಾಯಿ ಪುಟ್ಟತಾಯಮ್ಮನಿಗೆ ಸಂಭ್ರಮವೋ ಸಂಭ್ರಮ. ಹಳೇ ಸೀರೆಗಳನ್ನು ಒಗೆದು ಮಗುವಿಗೆ ಬಟ್ಟೆ ಹೊಲಿದು ಇಟ್ಟರು. ಒಂದು ಮಧ್ಯಾಹ್ನ ಮಗಳ ತಲೆಗೆ ಎಣ್ಣೆ ಹಚ್ಚುತ್ತಾ ಕೂತಿದ್ದರು. ಮಂಗಳಗೌರಿ ಇದ್ದಕ್ಕಿದ್ದಂತೆ ಕೇಳಿದಳು.

"ಅವ್ವ, ಹೆರಿಗೆ ಬೆಂಗಳೂರಲ್ಲಿ ಮಾಡಿಸಿದ್ರೆ?"

ಪುಟ್ಟತಾಯಮ್ಮ ನಕ್ಕರು. "ಯಾಕೆ ಮಗಾ, ಕುಣಿಗಲ್ ಸಾಲ್ದಾ ನಿಂಗೆ? ನಿನ್ನ ಅಕ್ಕಂದು ಎರಡೂ ಇಲ್ಲೇ ಆಗ್ಲಿಲ್ವಾ?"

ಇನ್ನೊಂದು ಸಲ ಯಾಕೆ ಎಂದು ತಾಯಿ ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳೋ ಏನೋ. ಪುಟ್ಟತಾಯಮ್ಮ ಜಡೆ ಹೆಣೆಯುವುದರಲ್ಲಿದ್ದರು.

ಯುಗಾದಿಗೆ ಮುಂಚಿನ ವಾರ ಬೆಳಿಗ್ಗೆ ನೋವು ಶುರುವಾಯಿತು. ಕುಣಿಗಲ್‌ನ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಮುಖ ದುಂಡಗೆ, ತಲೆ ತುಂಬ ಕೂದಲು. ಹೊಟ್ಟೆಯ ಮೇಲೆ ಕರುಳು ಹಾಗೇ ಆಚೆ ಇತ್ತು. ಹೆರಿಗೆ ಮಾಡಿಸಿದ ಡಾಕ್ಟರು ಕೈಲಾದದ್ದನ್ನು ಬೇಗ ಬೇಗ ಮಾಡಿ, ಶುದ್ಧವಾದ ಬಟ್ಟೆ ಸುತ್ತಿ, ಕೂಡಲೇ ಬೆಂಗಳೂರಿಗೆ ಸಾಗಿಸಿ ಎಂದರು. ಆಮೇಲೆ ಕೇಳಿದರು, "ಇದು ಮೊದಲೇ ಗೊತ್ತಿರಲಿಲ್ವಾ?"

"ಇಲ್ಲ ಸಾರ್. ಎಲ್ಲಾ ಚೆನ್ನಾಗೈತೆ ಅಂದಿದ್ರು" ಎಂದರು ಪುಟ್ಟತಾಯಮ್ಮ.

ಮಂಗಳಗೌರಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಗಾಡಿ ಹುಡುಕಲು ಹೊತ್ತು ಹಿಡಿಯಿತು. ಗುಬ್ಬಿಯ ಅಂಗಡಿಯೊಂದಕ್ಕೆ ಫೋನ್ ಮಾಡಿ, ಅಲ್ಲಿಂದ ಕಾಂತೇಶನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಸಂಜೆ. ಬಾಣಂತಿಯನ್ನು ಬಿಟ್ಟು ಮಗುವನ್ನು ಎತ್ತಿಕೊಂಡು ಪುಟ್ಟತಾಯಮ್ಮನೇ ಕಾರು ಹತ್ತಿದರು. ಬೆಂಗಳೂರು ಮುಟ್ಟಿದಾಗ ಮಗುವಿನ ಮೈ ತಣ್ಣಗಾಗಿತ್ತು. ಆಪರೇಷನ್ ಆಯಿತು. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿ ಇತ್ತು. ಆಮೇಲೆ ಇಲ್ಲ.

ಕಾಂತೇಶ್ ಅಲ್ಲಿನ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದ. "ಇಲ್ಲೇ ಹೆರಿಗೆ ಆಗಿದ್ರೆ?"

ಡಾಕ್ಟರು ಹೇಳಿದರು. "ಖಂಡಿತ ಉಳೀತಿತ್ತು ಅಂತ ನಾನು ಹೇಳಲ್ಲ. ಆದ್ರೆ ಉಳಿಯೋ ಅವಕಾಶ ತುಂಬಾ ಜಾಸ್ತಿ ಇರ್ತಿತ್ತು. ಹುಟ್ಟಿದ ಕೂಡ್ಲೇ ಬೆಚ್ಚಗಿಟ್ಟು, ನಂಜಾಗದ ಹಾಗೆ ನೋಡ್ಕೊಂಡು ನಾವು ಶುರು ಮಾಡ್ತಿದ್ವಿ."

ಮಗುವಿನ ಮುಖವನ್ನು ಮಂಗಳಗೌರಿ ಹೆರಿಗೆಯಾದ ಕೂಡಲೇ ಒಮ್ಮೆ ನೋಡಿದ್ದಷ್ಟೇ.

ಕೆಲವು ದಿನ ಕಳೆದ ಮೇಲೆ ಅವಳು ತಾಯಿಗೆ ಎಲ್ಲವನ್ನೂ ಹೇಳಿದಳು. ಪುಟ್ಟತಾಯಮ್ಮ ಬೈಯಲಿಲ್ಲ. "ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ಮಗಾ. ಹೊಟ್ಟೇಲಿ ಇಟ್ಕೊಂಡು ಹೆಂಗಿದ್ದೆ ಇಷ್ಟು ದಿನ" ಎಂದರು. ಆಮೇಲೆ ಇಬ್ಬರೂ ಅತ್ತರು.

ಇತ್ತ ಗಂಡನ ಮನೆಯಲ್ಲಿ ರಂಗಲಕ್ಷ್ಮಮ್ಮ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಚೆನ್ನಮ್ಮ ಬಂದಾಗ ಮೊದಲ ಸಲ ನಿಜ ಹೇಳಿದರು. "ನಿಂಗೂ ಸುಳ್ಳು ಹೇಳ್ದೆ ಕಣೇ. ಗ್ರಹಣದ್ದು ದೋಷ ಅಂದ್ಕಂಡಿದ್ದೆ."

"ಗ್ರಹಣ ಊರಿಗೆಲ್ಲ ಹಿಡೀತಲ್ಲ ಅಕ್ಕ. ಅವತ್ತು ನಮ್ಮ ಚೌಡಪ್ಪನ ಸೊಸೆನೂ ಬಸುರಿ. ಹುರುಳಿಕಾಯಿ ಮುರೀತಾ ಕೂತಿದ್ಲು. ಅವಳ ಮಗು ಗುಂಡುಗುಂಡಾಗೈತೆ. ಇಂಥದ್ದು ಯಾಕೆ ಆಗುತ್ತೆ ಅಂತ ಎಷ್ಟೋ ಸಲ ಡಾಕ್ಟ್ರಿಗೂ ಗೊತ್ತಾಗಲ್ಲ. ತಪ್ಪು ಯಾರ ಮೇಲೂ ಹಾಕಕ್ಕಾಗಲ್ಲ."

"ನಾನು ಹಾಕ್ದೆ. ಅದಕ್ಕೇ ಅವಳು ಬಾಯಿ ಬಿಡ್ಲಿಲ್ಲ" ಎಂದರು ರಂಗಲಕ್ಷ್ಮಮ್ಮ.

ಎರಡು ವರ್ಷ ಕಳೆಯಿತು. ಕೃತಿಕಾ ಮದುವೆಯಾಗಿ ತುಮಕೂರಿನ ಸದಾಶಿವನಗರಕ್ಕೆ ಹೋದಳು. ಮಗು ತೀರಿಹೋದ ಸಂಗತಿ ಗಂಡಿನ ಕಡೆಯವರಿಗೆ ಗೊತ್ತಿತ್ತು. ಅವರು ಅದರ ಬಗ್ಗೆ ಏನೂ ಕೇಳಲಿಲ್ಲ, ಪಾಪ ಅಂದರು ಅಷ್ಟೇ. ಯಾವ ಭಯಕ್ಕೆ ಬಾಯಿ ಮುಚ್ಚಿಸಿದ್ದರೋ ಆ ಭಯದಲ್ಲಿ ಹುರುಳೇ ಇರಲಿಲ್ಲ.

ಮಂಗಳಗೌರಿ ಮತ್ತೆ ಬಸುರಿಯಾದಳು. ಈ ಸಲ ಚೆನ್ನಮ್ಮ ಹೇಳಿದ ಹಾಗೆ ಬಸುರಿಯಾಗುವುದಕ್ಕೆ ಮೊದಲೇ ಡಾಕ್ಟರನ್ನು ಕಂಡು ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಂಡಿದ್ದಳು. ಎಲ್ಲಾ ದೋಷವನ್ನೂ ಆ ಮಾತ್ರೆ ತಡೆಯುವುದಿಲ್ಲ, ಮಗುವಿನ ಬೆನ್ನುಹುರಿ, ಮಿದುಳಿನ ಕೆಲವು ದೋಷಗಳನ್ನು ಬಹಳ ಮಟ್ಟಿಗೆ ತಡೆಯುತ್ತದೆ ಎಂದು ಡಾಕ್ಟರು ತಿಳಿಸಿದ್ದರು. ಅಷ್ಟೆಲ್ಲ ಮಾಡಿದವಳು ಸ್ಕ್ಯಾನಿಂಗ್ ಎಂದ ಕೂಡಲೇ ಬರುವುದಿಲ್ಲ ಎಂದು ಕೂತಳು.

"ನಂಗೆ ನೋಡೋದೇ ಬೇಡ. ಏನಿದ್ರೂ ಹುಟ್ಟಿದ ಮೇಲೆ ಗೊತ್ತಾಗ್ಲಿ."

ಕಾಂತೇಶ್ ಹೇಳಿದ, ಕೇಳಲಿಲ್ಲ. ಚೆನ್ನಮ್ಮ ಹೇಳಿದರು, ಕೇಳಲಿಲ್ಲ. ಕೊನೆಗೆ ರಂಗಲಕ್ಷ್ಮಮ್ಮ ಸೊಸೆಯ ಪಕ್ಕ ಬಂದು ಕೂತರು.

"ಗೌರಿ, ಅವತ್ತು ಮಿಷನ್ನು ಸುಳ್ಳು ಹೇಳಿರ್ಲಿಲ್ಲ. ಸುಳ್ಳು ಹೇಳಿದ್ದು ನಾನು. ದೇವ್ರು ಆರು ತಿಂಗಳು ಟೈಮ್ ಕೊಟ್ಟಿದ್ದ. ಬೆಂಗಳೂರಿಗೆ ಹೋಗಕ್ಕೆ, ನಿಮ್ಮವ್ವಂಗೆ ಹೇಳಕ್ಕೆ, ಗಾಡಿ ಗೊತ್ತು ಮಾಡಕ್ಕೆ. ನಾನು ಅದನ್ನೆಲ್ಲ ಕಳ್ದುಬಿಟ್ಟೆ. ಈ ಸಲ ಏನೇ ಇರ್ಲಿ, ಮೊದಲೇ ತಿಳ್ಕೊಳಾಣ. ನಾನೂ ಬರ್ತೀನಿ. ನಿಮ್ಮವ್ವನ್ನೂ ಕರ್ಸಾಣ."

ಅವ್ವ ಬಂದ ದಿನ ಮಂಗಳಗೌರಿ ತಾನೇ ಎದ್ದು ಸೀರೆ ಬದಲಾಯಿಸಿದಳು.

ತುಮಕೂರಿನ ಅದೇ ಡಾಕ್ಟರಮ್ಮ. ಹೊರಗೆ ಬೆಂಚಿನ ಮೇಲೆ ಬೀಗಿತ್ತಿಯರಿಬ್ಬರೂ ಪಕ್ಕಪಕ್ಕ ಕೂತಿದ್ದರು. ಒಳಗೆ ಡಾಕ್ಟರಮ್ಮ ಈ ಸಲವೂ ಬಹಳ ಹೊತ್ತು ನೋಡಿದರು. "ಹೊಟ್ಟೆ ಸರಿಯಾಗಿ ಕೂಡ್ಕೊಂಡಿದೆ. ಈಗ ಕಾಣೋ ಮಟ್ಟಿಗೆ ಎಲ್ಲಾ ಚೆನ್ನಾಗಿದೆ. ಐದನೇ ತಿಂಗಳಲ್ಲಿ ತಪ್ಪದೆ ಬನ್ನಿ" ಎಂದರು. ಮಂಗಳಗೌರಿ ಅಲ್ಲೇ ಅತ್ತಳು. ಸಮಾಧಾನಕ್ಕೋ, ಮೊದಲ ಮಗುವಿನ ನೆನಪಿಗೋ, ಅವಳಿಗೇ ಗೊತ್ತಾಗಲಿಲ್ಲ.

ಐದನೇ ತಿಂಗಳಲ್ಲಿ ತಪ್ಪದೆ ಹೋದರು. ಗಂಡು ಮಗು ಹುಟ್ಟಿತು. ಅವನು ಗುಬ್ಬಿಯಲ್ಲೇ ಸ್ಕೂಲು ಓದಿ ಈಗ ದೊಡ್ಡವನಾಗಿದ್ದಾನೆ. ಊರಿನ ಹೆಂಗಸರ ಸಂಘದ ಸಭೆಯಲ್ಲಿ ಯಾರಾದರೂ ಹೊಸಬರು ಎಷ್ಟು ಮಕ್ಕಳು ಎಂದು ಕೇಳಿದರೆ ಮಂಗಳಗೌರಿ, "ಎರಡು. ದೊಡ್ಡವಳು ಇಲ್ಲ" ಎನ್ನುತ್ತಾಳೆ. ಪಕ್ಕದಲ್ಲಿದ್ದರೆ ರಂಗಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಾರೆ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಬಸುರಿಯನ್ನು ಮೊದಲ ತಿಂಗಳುಗಳಲ್ಲೇ ಡಾಕ್ಟರಿಗೆ ತೋರಿಸಿ. ಸ್ಕ್ಯಾನಿಂಗ್‌ನಲ್ಲಿ ಏನಾದರೂ ಕಂಡರೆ ಅದೇ ಕೊನೆಯ ತೀರ್ಪು ಎಂದುಕೊಳ್ಳಬೇಡಿ, ಏನೂ ಆಗಿಲ್ಲ ಎಂದು ಸುಮ್ಮನೆಯೂ ಕೂರಬೇಡಿ. ಅರ್ಥವಾಗದಿದ್ದರೆ ಮತ್ತೆ ಮತ್ತೆ ಕೇಳಿ. ಇನ್ನೊಬ್ಬ ದೊಡ್ಡ ಡಾಕ್ಟರಿಗೆ ತೋರಿಸಿ. ಕೆಲವು ದೋಷಗಳು ಸರಿಹೋಗುತ್ತವೆ, ಕೆಲವಕ್ಕೆ ಆಪರೇಷನ್ ಇದೆ, ಕೆಲವಕ್ಕೆ ಏನೂ ಮಾಡಲಾಗುವುದಿಲ್ಲ. ಏನೇ ಇದ್ದರೂ ಮುಂದಿನ ಹೆಜ್ಜೆಯನ್ನು ಗಂಡ ಹೆಂಡತಿ ಇಬ್ಬರೂ ತಿಳಿದುಕೊಂಡು ಇಡಬೇಕು. ಹೆರಿಗೆ ಎಲ್ಲಿ ಎಂಬುದನ್ನು ನೋವು ಬರುವ ಮೊದಲೇ ಗೊತ್ತು ಮಾಡಿ, ತವರಿನವರಿಗೂ ನರ್ಸಮ್ಮನಿಗೂ ತಿಳಿಸಿ.

ಎಲ್ಲಕ್ಕಿಂತ ಮೊದಲು ಆ ಹೆಣ್ಣುಮಗಳ ಪಕ್ಕ ಕೂತು, ಇದು ನಿನ್ನ ತಪ್ಪಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ಡಾಕ್ಟರು ಹೇಳಿದರೆ ಸಾಲದು. ಅವಳು ಅದನ್ನು ಮನೆಯವರಿಂದ ಕೇಳಬೇಕು.