ಸಚಿವರ ಹಜಾರದ ಗೋಡೆ

ಉದ್ಘಾಟನೆಯಾದ ನಾಲ್ಕೇ ತಿಂಗಳಿಗೆ ಸೇತುವೆ ಕುಸಿದು ಹನ್ನೊಂದು ಜನ ಹೊಳೆಪಾಲಾದರು. ಅವರಲ್ಲಿ ವ್ಯಂಗ್ಯಚಿತ್ರಕಾರನ ಭಾವನೂ ಒಬ್ಬ. ಅಕ್ಕನ ಮನೆಯಿಂದ ನೇರವಾಗಿ ಪತ್ರಿಕಾ ಕಚೇರಿಗೆ ಬಂದವನು ಒಂದೇ ಪಟ್ಟಿಗೆ ಕೂತು ಚಿತ್ರ ಮುಗಿಸಿದ: ಸಚಿವರು ಹಲ್ಲು ಕಿರಿಯುತ್ತ ರಿಬ್ಬನ್ ಕತ್ತರಿಸುತ್ತಿದ್ದಾರೆ, ಅದೇ ಕತ್ತರಿಗೆ ಸಿಕ್ಕಿ ಅವರ ಬೆನ್ನ ಹಿಂದಿನ ಸೇತುವೆಯೂ ತುಂಡಾಗುತ್ತಿದೆ. ಮರುದಿನ ಊರ ತುಂಬ ಅದರದೇ ಮಾತು.

ಮಾತು ಮಾತಾಗಿಯೇ ಉಳಿಯಿತು. ತನಿಖೆ ಹಳ್ಳ ಹಿಡಿಯಿತು; ತಪ್ಪನ್ನೆಲ್ಲ ಮಳೆಯ ತಲೆಗೆ ಕಟ್ಟಿ ಅಧಿಕಾರಿಗಳು ಕೈತೊಳೆದುಕೊಂಡರು. ಆಮೇಲೆ ಬಂದ ಚುನಾವಣೆಯಲ್ಲಿ ಸಚಿವರು ಮೊದಲಿಗಿಂತ ಹೆಚ್ಚು ಮತಗಳಿಂದ ಗೆದ್ದರು. ಚಿತ್ರಕ್ಕೆ ವರ್ಷದ ಅತ್ಯುತ್ತಮ ವ್ಯಂಗ್ಯಚಿತ್ರವೆಂಬ ಪ್ರಶಸ್ತಿ ಬಂತು. ಅದನ್ನು ಕೊಡಲು ಬಂದವರು ಅದೇ ಸಚಿವರು.

"ಅಲ್ರೀ, ನನ್ನ ಹೊಟ್ಟೆ ಇಷ್ಟು ದಪ್ಪ ಇದ್ಯಾ?" ಎಂದರು, ಫಲಕ ಕೈಗಿಡುತ್ತ. ಸಭೆ ಬಿದ್ದು ಬಿದ್ದು ನಕ್ಕಿತು. ಸತ್ತವರ ಹೆಸರುಗಳನ್ನು ಓದಬೇಕೆಂದು ಅವನು ಚೀಟಿ ಬರೆದು ತಂದಿದ್ದ. ಆ ಗದ್ದಲದಲ್ಲಿ ಅವನೂ ನಕ್ಕುಬಿಟ್ಟ.

ವಾರದ ಮೇಲೆ ಸಂಪಾದಕರು ಕರೆಸಿದರು.

"ಸಚಿವರಿಗೆ ಆ ಚಿತ್ರದ ಮೂಲಪ್ರತಿ ಬೇಕಂತೆ. ಕೊಟ್ಬಿಡಿ."

"ಆಗಲ್ಲ ಸರ್. ನಮ್ಮ ಭಾವ ಸತ್ತ ದಿನ ಬರೆದಿದ್ದು ಅದು."

"ಗೊತ್ತು. ಆದ್ರೆ ಸರ್ಕಾರದ ಜಾಹೀರಾತು ನಿಂತ್ರೆ ಪತ್ರಿಕೇನೂ ನಿಲ್ಲುತ್ತೆ. ನಲವತ್ತು ಜನ ಇದೀವಿ ಇಲ್ಲಿ."

ಸಂಪಾದಕರು ಕೆಟ್ಟವರಲ್ಲ. ಹೇಳುವಾಗ ಅವನ ಮುಖ ನೋಡಲಿಲ್ಲ.

ಅವನೇ ಒಯ್ದ. ಸಚಿವರ ಹಜಾರದ ಗೋಡೆಯ ಉದ್ದಕ್ಕೂ ಅವರನ್ನೇ ಲೇವಡಿ ಮಾಡಿದ ಚಿತ್ರಗಳು, ಒಂದೊಂದಕ್ಕೂ ಕಟ್ಟು ಹಾಕಿಸಿದ್ದರು. ಮೂವತ್ತು ವರ್ಷದ ಬೈಗುಳ. ಅವನಿಗೆ ಕಸುಬು ಕಲಿಸಿದ ಗುರುಗಳ ಗೆರೆಯೂ ಅಲ್ಲಿತ್ತು.

"ಬಂದೋರಿಗೆಲ್ಲ ತೋರಿಸ್ತೀನಿ. ನಂಗೆ ಸಿಟ್ಟೇ ಬರಲ್ಲ ನೋಡಿ," ಎಂದು ಸಚಿವರು ಕಾಫಿ ತರಿಸಿದರು. ಅವನು ಕುಡಿದ.

ಸಂಜೆ ಅಕ್ಕನಿಗೆ ಎಲ್ಲ ಹೇಳಿದ. ಅವಳು ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡಳು.

"ಅದನ್ನ ನೋಡ್ದಾಗ ಆ ಮನುಷ್ಯಂಗೆ ನಮ್ಮನೆಯವರ ನೆನಪಾಗುತ್ತೇನೋ?"

"ಇಲ್ಲ ಅಕ್ಕ. ನಗು ಬರುತ್ತೆ."

"ಹಾಗಾದ್ರೆ ಇನ್ಯಾಕೆ ಬರೀತೀಯ?"

ಮರುದಿನ ಅವನು ಬಿಸಿಲಿನ ಬಗ್ಗೆ ಒಂದು ಚಿತ್ರ ಬರೆದ, ಕೊಡೆ ಹಿಡಿದ ನಾಯಿಯದು. ಸಂಪಾದಕರು ಒಂದು ಗೆರೆಯನ್ನೂ ಪ್ರಶ್ನಿಸದೆ ಅಚ್ಚಿಗೆ ಕಳಿಸಿದರು.